ಊಟಕ್ಕೆ ಮುಂಚೆ ಬರಬೇಕಾಗಿದ್ದ ವಿಷಯ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, "ಮೆಂಬರಮ್ಮ, ಈ ವಿಷಯ ನೋಟಿಸಲ್ಲಿ ಇರ್ಲಿಲ್ವಲ್ಲ, ಹೆಂಗೆ ತಗಂಡ್ರಿ?" ಎಂದು ಕೇಳಿಯಾರು. ತಾಲ್ಲೂಕು ಯಾವುದೆಂದೂ ಹೇಳುವುದಿಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ, ಈ ನಾಲ್ಕೂ ಊರಿನ ನೀರು ಕುಡಿದ ಮನುಷ್ಯ ಅವರು. ಹೋದ ತಿಂಗಳು ಹಿರಿಯೂರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟು ಕೂತೆ. ಮೊದಲು ಬಂದದ್ದು ಅಳುವಲ್ಲ, ಅವರ ಮೇಲೆ ನನಗಿದ್ದ ಒಂದು ಹಳೆಯ ಸಿಟ್ಟು. ಅದರ ಹಿಂದೆಯೇ ಅಳು ಬಂತು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ತಾಲ್ಲೂಕು ಪಂಚಾಯಿತಿಗೆ ಮೆಂಬರಾದೆ. ಆದೆ ಅನ್ನುವುದಕ್ಕಿಂತ ಮಾಡಿದರು ಅನ್ನುವುದೇ ಸರಿ. ನಿಲ್ಲಬೇಕೆಂಬ ಆಸೆ ನಮ್ಮ ಯಜಮಾನರಿಗೆ ಬಹಳ ದಿನದಿಂದ ಇತ್ತು. ನಮ್ಮ ಕ್ಷೇತ್ರ ಮಹಿಳಾ ಮೀಸಲು ಅಂತ ಬಂತು. ಹೀಗಾಗಿ ನಾನು ನಿಂತೆ. ನನಗಿದ್ದ ಯೋಗ್ಯತೆ ಎರಡು: ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಮತ್ತು ಬಾಯಿ ಜೋರು. ಮನೆಯಲ್ಲಿ ಜೋರಿದ್ದ ಬಾಯಿ ಸಭೆಯಲ್ಲಿ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ ಅನ್ನುವುದು ಗೆದ್ದ ಮೇಲೆ ಗೊತ್ತಾಯಿತು.

ಅವರು ಆ ಕಚೇರಿಯ ಸಭೆ ಗುಮಾಸ್ತರು. ಮೆಂಬರುಗಳಿಗೆ ನೋಟಿಸು ಕಳಿಸುವುದು, ಯಾವ ವಿಷಯ ಮೊದಲು ಯಾವುದು ಆಮೇಲೆ ಎಂಬ ಅಜೆಂಡಾ ಸಿದ್ಧ ಮಾಡುವುದು, ಸಭೆಯಲ್ಲಿ ನಡೆದದ್ದನ್ನು ನಡಾವಳಿ ಪುಸ್ತಕಕ್ಕೆ ಏರಿಸುವುದು, ಇಷ್ಟು ಅವರ ಪಾಲಿನ ಕೆಲಸ. ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಬಿಳಿ ಅಂಗಿಯ ಜೇಬಿನಲ್ಲಿ ಇಂಕಿನ ಕಲೆ ಒಂದು ಖಾಯಂ. ಎಲ್ಲದಕ್ಕೂ ರೂಲ್ಸು ಹೇಳುತ್ತಾರೆಂದು ಕಚೇರಿಯವರು, ಮೆಂಬರುಗಳು, ಎದುರಿನ ಹೋಟೆಲಿನವನು ಕೂಡ ಅವರನ್ನು 'ರೂಲ್ಸಪ್ಪ' ಅನ್ನುತ್ತಿದ್ದರು. ಹಿಂದಿನಿಂದ ಅಂದದ್ದು ಅವರಿಗೆ ಕೇಳಿಸುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ.

ಮೊದಲ ಸಭೆಗೆ ನಾವು ಹೆಣ್ಣು ಮೆಂಬರುಗಳು ಹೊಸ ಸೀರೆ ಉಟ್ಟು ಹೋಗಿ ಬದಿಯ ಸಾಲಿನಲ್ಲಿ ಕೂತೆವು. ನಮ್ಮ ಬೆನ್ನ ಹಿಂದೆಯೇ ಇನ್ನೊಂದು ಸಾಲು, ನಮ್ಮ ನಮ್ಮ ಗಂಡಂದಿರದು. ಸಭೆ ಶುರುವಾಗುವ ಮುಂಚೆ ಗುಮಾಸ್ತರು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿ, ಅಧ್ಯಕ್ಷರು ತಲೆಯಾಡಿಸಿದ ಮೇಲೆ, ನಮ್ಮ ಹಿಂದಿನ ಸಾಲಿಗೆ ಬಂದು ಕೈ ಮುಗಿದರು.

"ಸದಸ್ಯರಲ್ಲದೋರು ಹೊರಗೆ ಕುಂತ್ಕಳ್ರಿ. ಟೀ ಅಲ್ಲಿಗೇ ಬರ್ತೈತೆ."

ನಮ್ಮ ಯಜಮಾನರು ಬಿಡುವವರಲ್ಲ. "ಅವ್ಳಿಗೆ ಏನೂ ಗೊತ್ತಾಗಲ್ಲ ಸಾರ್. ಪಕ್ಕದಲ್ಲಿದ್ದು ಹೇಳ್ಕೊಡ್ತೀನಿ" ಅಂದರು.

"ಗೊತ್ತಾಗ್ದಿದ್ರೆ ಅವ್ರು ನನ್ನ ಕೇಳ್ತಾರೆ. ನಿಮಗೆ ಗೊತ್ತಾಗ್ದಿದ್ರೆ ನೀವು ಯಾರನ್ನ ಕೇಳ್ತೀರಿ ಯಜಮಾನ್ರೆ?"

ಗಂಡಂದಿರು ಒಬ್ಬೊಬ್ಬರಾಗಿ ಎದ್ದು ಹೋದರು. ಅವತ್ತು ಊರಿಗೆ ಬರುವ ಬಸ್ಸಿನಲ್ಲಿ ನಮ್ಮವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಕಿಟಕಿಯಾಚೆ ನೋಡಿಕೊಂಡು ಒಳಗೊಳಗೇ ನಗುತ್ತಾ ಬಂದೆ. ಮದುವೆಯಾದ ಮೇಲೆ, ಗಂಡ ಹಿಂದೆ ಇಲ್ಲದೆ ನಾನು ಮೂರು ತಾಸು ಒಂದು ಕಡೆ ಕೂತದ್ದು ಅದೇ ಮೊದಲು.

ಗುಮಾಸ್ತರು ಸಭೆಯಲ್ಲಿ ಮಾತಾಡುವಂತಿಲ್ಲ. ಅಧ್ಯಕ್ಷರು ಕೇಳಿದರೆ ಉತ್ತರ ಕೊಡಬೇಕು, ಅಷ್ಟೇ. ಆದರೆ ಸಭೆ ನಡೆಯಲು ಇಷ್ಟು ಜನ ಒಳಗಿರಬೇಕೆಂಬ ಕೋರಂ ಲೆಕ್ಕ ನೋಡಿಕೊಳ್ಳುವವರೂ ಅವರೇ. ಬಾಯಿ ತೆರೆಯುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಅದಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಮೆಂಬರುಗಳು ಬೀಡಿಗೆ, ಫೋನಿಗೆ ಎಂದು ಎದ್ದು ಹೋಗಿ ಕೋರಂ ಮುರಿದ ಕೂಡಲೇ ಕನ್ನಡಕದ ತಗಡಿನ ಡಬ್ಬಿಯನ್ನು ಟಕ್ ಎಂದು ಮುಚ್ಚುತ್ತಿದ್ದರು. ಅಧ್ಯಕ್ಷರು ಬೆಚ್ಚಿ, "ಏಯ್, ಹೊರಗಿರೋರ್ನ ಕರೀರಪ್ಪ" ಅನ್ನುತ್ತಿದ್ದರು. ಮನೆಯಲ್ಲೂ ಹೀಗೆಯೋ ಎಂದು ಒಮ್ಮೆ ಅವರ ಹೆಂಡತಿಯನ್ನು ಕೇಳಿದೆ. "ಅಯ್ಯೋ, ಉಪ್ಪಿಟ್ಟು ಮಾಡ್ಬೇಕಾದ್ರೂ ಹಿಂದಿನ ದಿನ ಹೇಳಿರ್ಬೇಕು ಕಣಮ್ಮ. ಹೇಳ್ದೆ ಮಾಡಿದ್ರೆ ತಿಂತಾರೆ, ಆದ್ರೆ ಚೆನ್ನಾಗೈತೆ ಅನ್ನಲ್ಲ" ಅಂದರು ಆ ತಾಯಿ.

ಇನ್ನೊಂದು ಅಭ್ಯಾಸವಿತ್ತು. ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬರೆದು ಮುಗಿಸಿದ ಮೇಲೆ ಪುಟದಲ್ಲಿ ಜಾಗ ಉಳಿದರೆ, ಅಡ್ಡಡ್ಡಕ್ಕೆ ಒಂದು ಗೆರೆ ಎಳೆದು ಅದರ ತುದಿಯಲ್ಲಿ ಸಣ್ಣ ಸಹಿ ಹಾಕುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಖಾಲಿ ಬಿಟ್ಟ ಜಾಗದಾಗೆ ಯಾವತ್ತಿದ್ರೂ ಒಬ್ಬ ಬಂದು ಮನೆ ಕಟ್ತಾನೆ" ಅಂದರು.

ನಾನು ಮೆಂಬರಾದ ಮೊದಲ ವರ್ಷ ನಮ್ಮೂರಿನ ಕೈಪಂಪು ರಿಪೇರಿಯ ವಿಷಯ ಕೊಟ್ಟಿದ್ದೆ. ಮೂರು ಸಭೆ ಹೋದರೂ ಅದು ಚರ್ಚೆಗೆ ಬರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಬರಲಿಲ್ಲ ಅಷ್ಟೇ. ಸಿಟ್ಟಿಗೆದ್ದು ಅವರ ಮೇಜಿನ ಮುಂದೆ ಹೋಗಿ ನಿಂತೆ. ಅವರು ಅಜೆಂಡಾ ಹಾಳೆ ನನ್ನ ಕಡೆ ತಿರುಗಿಸಿ, ಪೆನ್ನಿನ ಹಿಂಬದಿಯಿಂದ ಒಂದೊಂದೇ ಸಾಲು ತೋರಿಸಿದರು. ಮೊದಲು ಹೋದ ಸಭೆಯ ನಡಾವಳಿ ದೃಢೀಕರಣ. ಆಮೇಲೆ ಕೃಷಿ, ಶಿಕ್ಷಣ, ಆರೋಗ್ಯ ಎಂದು ಇಲಾಖೆಗಳ ವರದಿ ಸಾಲುಸಾಲು. ಅಷ್ಟರಲ್ಲಿ ಎರಡು ಗಂಟೆ, ಊಟ. ಊಟ ಆದ ಮೇಲೆ ಮೆಂಬರುಗಳು ಕೊಟ್ಟ ವಿಷಯ. ಕಟ್ಟಕಡೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರ ವಿಷಯಗಳು'.

"ನಿಮ್ಮ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರು.

"ಎರಡೂ ಮುಕ್ಕಾಲಿಗೆ. ಅದು ಬಿಟ್ರೆ ಇನ್ನ ಸಂಜೇನೇ."

"ನೋಡ್ರಿ ಮತ್ತೆ. ನೀವು ಉಂಡು ಕೈ ತೊಳ್ದು ಬಸ್ಸಿಗೆ ಹೋಗ್ತೀರಿ. ನಿಮ್ಮ ವಿಷಯ ಆಮೇಲೆ ಬರ್ತೈತೆ. ಕೊಟ್ಟೋರು ಇಲ್ಲ ಅಂತ ಮುಂದಕ್ಕೆ ಹೋಗ್ತೈತೆ. ಕೈ ಎತ್ತಿ ಓಟು ಹಾಕೋದು ಕಡೇ ಕೆಲಸ ಮೆಂಬರಮ್ಮ. ಯಾವ್ದು ಮೊದ್ಲು ಬರ್ಬೇಕು ಅನ್ನೋದು ಯಾರ ಕೈಲಿ ಐತೋ, ಅವ್ರು ಓಟಿಗೆ ಮುಂಚೇನೇ ಗೆದ್ದಿರ್ತಾರೆ."

ಇದು ನಮ್ಮ ಸಣ್ಣ ಸಭೆಯ ರೋಗ ಮಾತ್ರ ಅಲ್ಲ ಅಂತಲೂ ಹೇಳಿದರು. ಅಧಿವೇಶನ ನಡೆಯುವಾಗ ಸಂಜೆ ರೇಡಿಯೋ ಹಚ್ಚಿ ಕೂರುತ್ತಿದ್ದರಂತೆ. ಗದ್ದಲದ ನಡುವೆ ಧ್ವನಿಮತದಿಂದ ಮಸೂದೆ ಅಂಗೀಕಾರ ಎಂದು ಕೇಳಿದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. "ಯಾರು ಹೂಂ ಅಂದ್ರು, ಯಾರು ಊಹೂಂ ಅಂದ್ರು ಅಂತ ಹೆಸರು ಹಿಡಿದು ಬರ್ಕಳ್ಳದೆ ಮಾಡಿದ ಕಾನೂನು ನಾಳೆ ಯಾರ ತಲೆ ಮೇಲೆ ಬಿದ್ರೂ, ಹಾಕಿದೋನು ನಾನಲ್ಲ ಅನ್ನಬಹುದು" ಎನ್ನುತ್ತಿದ್ದರು. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಮೇಲಿನವರಿಗೆ ಒಂದು ಕಾಗದ ಬರೆಯುತ್ತಿದ್ದರು. ಸದಸ್ಯರ ವಿಷಯ ಮೊದಲು ಬರಲಿ, ನೋಟಿಸಿನಲ್ಲಿ ಇಲ್ಲದ್ದನ್ನು ಠರಾವು ಮಾಡುವುದು ನಿಲ್ಲಲಿ, ಸಭೆ ಏಳುವ ಮುಂಚೆ ಬರೆದದ್ದನ್ನು ಓದಿ ಹೇಳಲಿ ಎಂದು. ಉತ್ತರ ಬಂದದ್ದನ್ನು ನಾನು ಕಾಣೆ. ಕೇಳಿದರೆ, "ನಾನು ಬರೆಯೋದು ನನ್ನ ಕೆಲಸ. ಓದೋದು ಅವ್ರ ಕೆಲಸ. ಅವ್ರ ಕೆಲಸ ನಾನು ಹೆಂಗೆ ಮಾಡ್ಲಿ?" ಅನ್ನುತ್ತಿದ್ದರು.

ಇಷ್ಟು ತಿಳಿದ ಮನುಷ್ಯನೂ ತಪ್ಪು ಮಾಡಿದರು. ಅದನ್ನು ಹೇಳದೆ ಅವರನ್ನು ಬರಿ ಹೊಗಳಿದರೆ ನಾನು ಸುಳ್ಳುಗಾತಿಯಾಗುತ್ತೇನೆ.

ನಮ್ಮೂರಲ್ಲಿ ಆರೋಗ್ಯ ಉಪಕೇಂದ್ರದ ಕಟ್ಟಡವೊಂದಿತ್ತು. ಎರಡೇ ಕೋಣೆ. ಒಂದರಲ್ಲಿ ನರ್ಸಮ್ಮ ವಾಸ, ಇನ್ನೊಂದರಲ್ಲಿ ಕಬ್ಬಿಣದ ಮಂಚ, ಬಿಸಿನೀರಿನ ಹಂಡೆ, ತೊಟ್ಟಿಲು. ಸುತ್ತಲ ನಾಲ್ಕು ಹಳ್ಳಿಯ ಬಸುರಿಯರಿಗೆ ಅದೇ ಗತಿ. ಒಂದು ಸಾಮಾನ್ಯ ಸಭೆ ಮುಗಿದು ವಾರ ಕಳೆದಿರಲಿಲ್ಲ, ಲಾರಿ ಬಂದು ಆ ಮನೆಯ ಮುಂದೆ ನಿಂತಿತು. ಮಂಚ ಹೊರಗೆ ಬಂತು, ಸಿಮೆಂಟು ಚೀಲ ಒಳಗೆ ಹೋಯಿತು, ಕೋಣೆಗೆ ಬೀಗ ಬಿತ್ತು. ಪಕ್ಕದ ಊರಿನ ಕೆರೆ ಕೋಡಿ ಕಾಮಗಾರಿಗೆ ಸಾಮಾನು ಇಡಲು ತಾತ್ಕಾಲಿಕವಾಗಿ ಕೊಟ್ಟಿದ್ದಾರಂತೆ. ಸಿಮೆಂಟಿನ ಧೂಳಿಗೆ ನರ್ಸಮ್ಮ ಎರಡು ದಿನ ಕೆಮ್ಮಿ, ಗಂಟು ಕಟ್ಟಿಕೊಂಡು ತಾಲ್ಲೂಕು ಊರಿಗೆ ಹೊರಟುಹೋದಳು. ನಮ್ಮ ಮನೆಯಲ್ಲಿ ಆಗ ನನ್ನ ನಾದಿನಿ, ಯಜಮಾನರ ತಂಗಿ, ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು.

ಮಾರನೆಯ ದಿನವೇ ಕಚೇರಿಗೆ ಹೋದೆ. "ಯಾವನು ಕೊಟ್ಟೋನು?" ಎಂದು ನಿಂತಲ್ಲೇ ಕೂಗಾಡಿದೆ. ಅವರು ಎದ್ದು ಹೋಗಿ ನಡಾವಳಿ ಪುಸ್ತಕ ತಂದು, ಪುಟ ತೆಗೆದು ಮುಂದಿಟ್ಟರು. 'ಅಧ್ಯಕ್ಷರ ಅಪ್ಪಣೆ ಮೇರೆಗೆ' ಎಂಬ ಕೊನೆಯ ವಿಷಯದ ಕೆಳಗೆ ಅವರದೇ ಗುಂಡು ಅಕ್ಷರ: ಹಾಜರಿದ್ದ ಎಲ್ಲ ಸದಸ್ಯರೂ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಿದರು. ಹಾಜರಿದ್ದ ಸದಸ್ಯರು ಯಾರು? ಆ ಸಭೆಯ ಮೊದಲ ಪುಟದಲ್ಲಿ ಬೆಳಗ್ಗೆ ಒಳಗೆ ಬರುವಾಗ ನಾವು ಹಾಕಿದ ಸಹಿಗಳು. ಏಳನೆಯದು ನನ್ನದು. ನನ್ನೂರಿನ ಹೆರಿಗೆ ಕೋಣೆಯನ್ನು ಸಿಮೆಂಟಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು.

"ನಾನು ಬಸ್ಸಿಗೆ ಹೋಗಿದ್ದೆ ಸಾರ್!"

"ಗೊತ್ತು. ನೀವು ಐದು ಜನ ಹೆಣ್ಮಕ್ಳು ಎದ್ದು ಹೋಗಿದ್ದು ನಾನು ನೋಡ್ದೆ. ಕೋರಂ ಇತ್ತು."

"ಹಂಗಾದ್ರೆ ಎಲ್ಲಾರೂ ಒಪ್ಪಿದ್ರು ಅಂತ ಹೆಂಗೆ ಬರ್ದ್ರಿ?"

"ಇಪ್ಪತ್ತು ವರ್ಷದಿಂದ ಹಂಗೇ ಬರೀತಾ ಬಂದಿದೀನಿ. ಎದ್ದು ಹೋದೋರು ಒಪ್ಪಿದಂಗೆ ಅಂತ."

"ಯಾವ ರೂಲ್ಸಲ್ಲಿ ಐತೆ ಅದು? ತೋರಿಸ್ರಿ."

ಅವರು ಪುಸ್ತಕ ಮುಚ್ಚಿದರು. ಕಿವಿ ಕೆಂಪಾಯಿತು. "ಇಲ್ಲ" ಅಂದರು. "ಯಾವ ರೂಲ್ಸಲ್ಲೂ ಇಲ್ಲ."

ಪಾಪ ಅನ್ನಿಸಿತು. ಆದರೆ ಪಾಪ ಅಂದುಕೊಂಡು ಕೂತರೆ ಸಿಮೆಂಟು ಹೊರಗೆ ಬರುತ್ತದೆಯೇ? ಏನು ದಾರಿ ಎಂದು ಕೇಳಿದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಮೊದಲ ವಿಷಯವೇ ಹಿಂದಿನ ನಡಾವಳಿಯ ದೃಢೀಕರಣ. ಯಾವಾಗಲೂ 'ಆಯ್ತು, ಮುಂದೆ' ಎಂದು ಹಾರಿಸುತ್ತಾರೆ. "ನೀವು ಎದ್ದು ನಿಂತು, ಓದಿಸ್ರಿ ಅನ್ರಿ. ಓದಿಸ್ಲೇಬೇಕು. ಓದಿದಾಗ, ನಾನು ಇರ್ಲಿಲ್ಲ ಅನ್ರಿ" ಎಂದರು. ಅದಕ್ಕೆ ಇನ್ನೂ ಎರಡು ತಿಂಗಳಿತ್ತು. ನಾದಿನಿಗೂ ಎರಡು ತಿಂಗಳೇ ಇತ್ತು.

ನಡುವೆ ಒಂದು ವಿಶೇಷ ಸಭೆ ಬಂತು. ಯೋಜನೆಯ ಪಟ್ಟಿ ಒಪ್ಪುವುದಕ್ಕೆಂದೇ ಕರೆದದ್ದು. ಅಷ್ಟರಲ್ಲಿ ನಾನೂ ಅವರಿಂದ ಅರ್ಧಂಬರ್ಧ ಕಲಿತು ಜಾಣೆಯಾಗಿದ್ದೆ. ನಮ್ಮ ಅಧ್ಯಕ್ಷರಿಗೆ ಒಂದು ರೂಢಿ. ಊಟದ ಹೊತ್ತಾದರೆ ಸಭೆ ಮುಂದೂಡಿದೆ ಎಂದು ಹೇಳುವುದಿಲ್ಲ, ಹೊಟ್ಟೆ ಸವರಿಕೊಂಡು ಎದ್ದು ಹೋಗುತ್ತಾರೆ. ಹಾಗಾದರೆ ಸಭೆ ಇನ್ನೂ ನಡೆಯುತ್ತಲೇ ಇದೆ! ನಾವು ಹೆಂಗಸರು, ಜೊತೆಗೆ ನಮಗೆ ಒಲಿದ ಮೂವರು ಗಂಡಸರು ಊಟಕ್ಕೆ ಏಳದೆ ಕೂತರೆ ಕೋರಂ ಆಗುತ್ತದೆ. ನಮ್ಮಲ್ಲೇ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಉಪಕೇಂದ್ರ ತೆರವು ಮಾಡಬೇಕೆಂದು ಠರಾವು ಮಾಡಿದರೆ ಮುಗಿಯಿತು. ಅಧ್ಯಕ್ಷರು ಪಾಯಸ ಮುಗಿಸಿ ಬರುವಷ್ಟರಲ್ಲಿ ಪುಸ್ತಕದಲ್ಲಿ ಏರಿರುತ್ತದೆ. ಎಲ್ಲರನ್ನೂ ಒಪ್ಪಿಸಿ, ಸಭೆಯ ಹಿಂದಿನ ದಿನ ಗುಮಾಸ್ತರ ಬಳಿ ಹೋಗಿ ಹೆಮ್ಮೆಯಿಂದ ಹೇಳಿದೆ. ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದೆ.

"ನಾನು ಬರೆಯಲ್ಲ" ಅಂದರು.

"ಯಾಕೆ ಸಾರ್?"

"ವಿಶೇಷ ಸಭೇಲಿ ನೋಟಿಸಲ್ಲಿ ಇರೋದು ಬಿಟ್ಟು ಬೇರೇದು ತಗಳಂಗಿಲ್ಲ. ಅದೊಂದು. ಅವ್ರು ನೀವಿಲ್ದಾಗ ಊಟ ಆದ್ಮೇಲೆ ಮಾಡಿದ್ರು. ನೀವು ಅವ್ರಿಲ್ದಾಗ ಊಟದ ಹೊತ್ನಲ್ಲಿ ಮಾಡ್ತೀರಿ. ಏನಮ್ಮ ವ್ಯತ್ಯಾಸ?"

"ನಮ್ಮ ನಾದ್ನಿ ಬಸುರಿ ಸಾರ್. ಅದು ವ್ಯತ್ಯಾಸ."

ಅವರು ತಲೆ ತಗ್ಗಿಸಿದರು. "ಒಂದು ತಿಂಗ್ಳು ತಡೀರಿ ಮೆಂಬರಮ್ಮ. ಸರಿಯಾದ ದಾರೀಲಿ ತೆಗ್ಸಾಣ. ಈ ದಾರೀಲಿ ತೆಗ್ಸಿದ್ರೆ, ನಾಳೆ ಅವ್ರು ಇದೇ ದಾರೀಲಿ ಬಂದು ಮತ್ತೆ ಬೀಗ ಹಾಕ್ತಾರೆ. ಆವಾಗ ಬೇಡ ಅನ್ನಾಕೆ ನಮಗೆ ಬಾಯಿ ಇರಲ್ಲ."

ಅವರು ಬರೆಯುವುದಿಲ್ಲವೆಂದ ಮೇಲೆ ಉಳಿದವರೂ ಹಿಂದೆ ಸರಿದರು. ನಾನು ಬಾಯಿಗೆ ಬಂದಂತೆ ಬೈದೆ. ರೂಲ್ಸಪ್ಪ ಎಂದು ಮುಖದ ಮೇಲೇ ಅಂದೆ. ಮಾರನೆಯ ದಿನ ಸಭೆಯಲ್ಲಿ ಎಲ್ಲರ ಜೊತೆ ನಾನೂ ಊಟಕ್ಕೆ ಎದ್ದು ಹೋದೆ.

ಇನ್ನೆರಡು ವಾರಕ್ಕೆ, ದಿನ ತುಂಬುವ ಮುಂಚೆಯೇ, ಬೆಳಗಿನ ಹೊತ್ತು ನಾದಿನಿಗೆ ನೋವು ಬಂತು. ಸಿಮೆಂಟು ತುಂಬಿದ ಉಪಕೇಂದ್ರದ ಮುಂದಿನಿಂದಲೇ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೋದೆವು. ಅರ್ಧ ದಾರಿಯಲ್ಲಿ ಹೆರಿಗೆಯಾಯಿತು. ಕೊರಳಿಗೆ ಕರುಳಬಳ್ಳಿ ಸುತ್ತಿತ್ತು. ಬಿಡಿಸುವ ಕೈ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮಗು ಅಳಲಿಲ್ಲ. ತಾಯಿ ಉಳಿದಳು.

ಸಾಮಾನ್ಯ ಸಭೆಯ ದಿನ ನಾನು ಗುಮಾಸ್ತರ ಮುಖ ನೋಡಲಿಲ್ಲ. ನಮಸ್ಕಾರ ಅಂದರು, ನಾನು ಅನ್ನಲಿಲ್ಲ. ಅಧ್ಯಕ್ಷರು ಕೂತವರೇ, "ಹೋದ ಸಭೆ ನಡಾವಳಿ. ಆಯ್ತು, ಮುಂದೆ" ಅಂದರು. ನಾನು ಎದ್ದು ನಿಂತೆ.

"ಆಗ್ಲಿಲ್ಲ ಅಧ್ಯಕ್ಷರೆ. ಓದಿಸ್ರಿ."

ಓದಿದರು. ಉಪಕೇಂದ್ರದ ಠರಾವು ಬಂದಾಗ, ನಾನೂ ಇನ್ನೂ ನಾಲ್ವರು ಹೆಣ್ಣು ಮೆಂಬರುಗಳೂ ಆಗ ಒಳಗೆ ಇರಲಿಲ್ಲ ಎಂದೆ. ಅಧ್ಯಕ್ಷರು ಕೆಟ್ಟವರೇನಲ್ಲ, ಮಾತು ಮಾತಿಗೆ ನಗುವ ಮನುಷ್ಯ. ಆವತ್ತೂ ನಕ್ಕರು. "ಸಹಿ ಐತಲ್ಲ ತಾಯಿ. ಸಹಿ ಹಾಕಿ ಇರ್ಲಿಲ್ಲ ಅಂದ್ರೆ ಹೆಂಗೆ?" ಎಂದು, ಗುಮಾಸ್ತರ ಕಡೆ ತಿರುಗಿದರು. "ನೀವೇ ಹೇಳ್ರಿ ಮತ್ತೆ. ರೂಲ್ಸ್ ತಿಳ್ದೋರು ನೀವು. ಬರ್ದಿರೋದು ಸರಿ ಐತೋ ಇಲ್ವೋ?"

ಅಧ್ಯಕ್ಷರು ಕೇಳಿದರೆ ಉತ್ತರ ಕೊಡಬೇಕು. ಅವರು ಎದ್ದು ನಿಂತು ಕನ್ನಡಕ ತೆಗೆದರು.

"ಸರಿ ಇಲ್ಲ ಸ್ವಾಮಿ. ಠರಾವು ಬಂದಾಗ ಈ ಐದು ಜನ ಒಳಗೆ ಇರ್ಲಿಲ್ಲ. ಇದ್ದೋರನ್ನೂ ಒಪ್ಪಿಗೆ ಐತಾ ಅಂತ ಯಾರೂ ಕೇಳ್ಲಿಲ್ಲ. ಸರ್ವಾನುಮತ ಅನ್ನೋದು ನಾನು ರೂಢಿ ಮೇಲೆ ಬರ್ದಿದ್ದು. ಅದು ಸುಳ್ಳು. ಬರ್ದೋನು ನಾನು."

ಅಧ್ಯಕ್ಷರ ಪಕ್ಕದಲ್ಲಿದ್ದ ಅಧಿಕಾರಿ ಗುಮಾಸ್ತರ ಅಂಗಿ ಹಿಡಿದು ಜಗ್ಗಿ, "ಕೂತ್ಕೊಳ್ಳಿ, ಏನ್ ಮಾತಾಡ್ತಿದೀರಿ ಗೊತ್ತಾ?" ಎಂದು ಪಿಸುಗುಟ್ಟಿದರು. ಅವರು ಕೂತರು. ಕೂತು ಪುಸ್ತಕ ಎಳೆದುಕೊಂಡು, ತಾವು ಹೇಳಿದ್ದನ್ನು ಒಂದಕ್ಷರ ಬಿಡದೆ ಆ ದಿನದ ನಡಾವಳಿಗೆ ಬರೆದರು. ತಮ್ಮ ತಪ್ಪನ್ನು ತಮ್ಮದೇ ಗುಂಡು ಅಕ್ಷರದಲ್ಲಿ.

ಸರ್ವಾನುಮತವೇ ಸುಳ್ಳು ಎಂದಾದ ಮೇಲೆ ಠರಾವನ್ನು ಮತ್ತೆ ಚರ್ಚೆಗೆ ತೆಗೆದುಕೊಳ್ಳಬೇಕಾಯಿತು. ಈ ಸಲ ಹೆಸರು ಹಿಡಿದು ಕೇಳಿದರು. ನಮ್ಮ ಮನೆಯ ಸಾವಿನ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಹೆಸರು ಕರೆದಾಗ ಹೂಂ ಅನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಅಧ್ಯಕ್ಷರೂ ಬೇಡ ಅಂದರು. ವಾರದೊಳಗೆ ಸಿಮೆಂಟು ಹೋಯಿತು. ನೆಲಕ್ಕೆ ಅಂಟಿದ್ದ ಪುಡಿಯನ್ನು ನಾವು ಹೆಂಗಸರೇ ಕೆರೆದು ತೊಳೆದೆವು. ಮಂಚ ಒಳಗೆ ಹೋಯಿತು, ನರ್ಸಮ್ಮ ಬಂದಳು.

ಸುಳ್ಳು ದಾಖಲೆ ಬರೆದೆನೆಂದು ತಾವೇ ಒಪ್ಪಿಕೊಂಡ ಗುಮಾಸ್ತನನ್ನು ಯಾರು ಬಿಡುತ್ತಾರೆ? ಮೆಮೋ ಬಂತು, ಬಡ್ತಿ ನಿಂತಿತು, ಹಿರಿಯೂರು ಕಡೆಗೆ ವರ್ಗವಾಯಿತು. ಆ ಒಂದು ಸಾಲನ್ನು ಇಪ್ಪತ್ತು ವರ್ಷದಿಂದ ಎಲ್ಲ ಕಡೆ ಎಲ್ಲರೂ ಬರೆಯುತ್ತಿದ್ದರು. ಶಿಕ್ಷೆಯಾದದ್ದು ಒಪ್ಪಿಕೊಂಡವರಿಗೆ. ಅವರು ಹೊರಡುವ ದಿನ ನಾನು ಹೋಗಲಿಲ್ಲ. ಹೋಗಬೇಕಿತ್ತು, ಹೋಗಲಿಲ್ಲ.

ಅವರು ಹೋದ ಮೇಲೆ ನನಗೆ ಹಟ ಹುಟ್ಟಿತು. ಅವರು ವರ್ಷ ವರ್ಷ ಬರೆಯುತ್ತಿದ್ದ ಕಾಗದದ ಮಾತನ್ನೇ ವಿಷಯವಾಗಿ ಕೊಟ್ಟೆ: ಮೆಂಬರುಗಳ ವಿಷಯ ಊಟಕ್ಕೆ ಮುಂಚೆ ಬರಬೇಕು, ನೋಟಿಸಿನಲ್ಲಿ ಇಲ್ಲದ್ದನ್ನು ಠರಾವು ಮಾಡಬಾರದು. ಅಜೆಂಡಾದ ಸರದಿ ಬದಲಿಸುವ ವಿಷಯ ಅಜೆಂಡಾದ ಬಾಲದಲ್ಲಿ ಕೂತಿತು! ಮೂರು ಸಭೆ ಅಲ್ಲೇ ಕೊಳೆಯಿತು. ನಾಲ್ಕನೆಯ ಸಭೆಗೆ ನಾವು ಹೆಂಗಸರೆಲ್ಲ ಬಸ್ಸು ಬಿಟ್ಟು ಕೂತೆವು. ಆ ಹೊತ್ತಿಗೆ ನಮ್ಮ ಯಜಮಾನರು ಮೆತ್ತಗಾಗಿದ್ದರು. ತಂಗಿಯನ್ನು ಟ್ರ್ಯಾಕ್ಟರಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋದವರು ಅವರೇ. ಸಂಜೆ ನಮ್ಮನ್ನೆಲ್ಲ ಊರು ಮುಟ್ಟಿಸಲು ಟೆಂಪೋ ಮಾಡಿಕೊಂಡು ಬಂದು, ಸಭೆ ಕೋಣೆಯ ಹೊರಗೆ, ಮೊದಲ ಸಭೆಯ ದಿನ ಅವರನ್ನು ಕೂರಿಸಿದ್ದ ಜಾಗದಲ್ಲೇ ಕಾದು ಕೂತಿದ್ದರು. ವಿಷಯ ಪಾಸಾಯಿತು.

ನಕಲನ್ನು ಹಿರಿಯೂರಿಗೆ ಅಂಚೆಯಲ್ಲಿ ಕಳಿಸಿದೆ. ಸಿಟ್ಟಿನಿಂದ ಒಂದು ಸಾಲೂ ಬರೆಯದೆ ಬರಿ ನಕಲು. ವಾರಕ್ಕೆ ಕಾರ್ಡು ಬಂತು. 'ಓದಿದೆ. ಸಂತೋಷ. ಎರಡನೇ ಪುಟದ ಕೆಳಗೆ ಖಾಲಿ ಜಾಗಕ್ಕೆ ಗೆರೆ ಎಳೆದಿಲ್ಲ, ಎಳೆಸಿ.' ಸಿಟ್ಟಿನಲ್ಲೂ ನಗು ಬಂತು. ಎಳೆಸಿದೆ. ನಮ್ಮ ಅವಧಿ ಮುಗಿಯುವವರೆಗೆ ಆ ಪದ್ಧತಿ ನಡೆಯಿತು, ಕೈಪಂಪೂ ರಿಪೇರಿಯಾಯಿತು. ಆಮೇಲೆ ಬಂದವರು ಹಳೆಯ ಸರದಿಗೇ ಹೋದರು ಎಂದು ಕೇಳಿದೆ. ಒಂದು ತಾಲ್ಲೂಕಿನವರು ಮನಸ್ಸು ಮಾಡಿದರೆ ಒಂದು ಅವಧಿ ನಡೆದೀತು. ಸರ್ಕಾರದ ನಿಯಮದಲ್ಲೇ ಬರೆದಿದ್ದರೆ ಅಳಿಸುವುದು ಅಷ್ಟು ಸುಲಭವಿರುತ್ತಿರಲಿಲ್ಲ. ಅವರು ಯುಗಾದಿ ಯುಗಾದಿಗೆ ಬರೆಯುತ್ತಿದ್ದದ್ದೂ ಅದನ್ನೇ.

ಅವರು ನಿವೃತ್ತರಾದದ್ದು ಚಿತ್ರದುರ್ಗದಲ್ಲಿ, ಎರಡು ಸಾವಿರದ ಈಚೆಗೆ. ಜೋಗಿಮಟ್ಟಿ ರಸ್ತೆಯಲ್ಲಿ ಬಾಡಿಗೆ ಮನೆ. ಕೋರ್ಟಿನ ಕೆಲಸಕ್ಕೆ ಹೋದಾಗ ವಿಚಾರಿಸಿಕೊಂಡು ಹೋದೆ. ಬಾಗಿಲಲ್ಲೇ ಗುರುತು ಹಿಡಿದು, "ಬರ್ರಿ ಮೆಂಬರಮ್ಮ" ಅಂದರು. ನಾನು ಮಾಜಿಯಾಗಿ ಎಷ್ಟೋ ವರ್ಷವಾಗಿತ್ತು. ಅವರ ಹೆಂಡತಿ ಟೀ ಕೊಟ್ಟರು. ಆಮೇಲೆ ಮಟ್ಟಿ ಗುಡ್ಡದ ಕಡೆ ನಾಲ್ಕು ಹೆಜ್ಜೆ ಹೋಗಿಬರಾಣ ಎಂದು ಎಬ್ಬಿಸಿದರು. ಉಬ್ಬಸ ಬಂದು ನಿಂತು ನಿಂತು ನಡೆಯುತ್ತಿದ್ದರು. ಊರು, ಮಳೆ, ಮಕ್ಕಳು ಎಂದೆಲ್ಲ ಮಾತಾಡಿದೆವು. ಒಂದು ಕಲ್ಲುಬಂಡೆಯ ಹತ್ತಿರ ನಿಂತಾಗ ನಾನು ತಡೆಯಲಾರದೆ ಕೇಳಿಬಿಟ್ಟೆ.

"ಅವತ್ತು ಊಟದ ಹೊತ್ನಲ್ಲಿ ನೀವು ಬರ್ದಿದ್ರೆ, ಆ ಮಗು ಉಳೀತಿತ್ತಲ್ವ ಸಾರ್?"

ರೂಲ್ಸು ಹೇಳುತ್ತಾರೆ ಎಂದು ಕಾದೆ. ಹೇಳಿದ್ದರೆ ನನಗೆ ಜಗಳ ಮಾಡಲು ಅನುಕೂಲವಾಗುತ್ತಿತ್ತು.

"ಉಳೀಬಹುದಿತ್ತು" ಅಂದರು. ಬಂಡೆಗೆ ಒರಗಿಕೊಂಡು, "ನಾನು ಮೊದಲ್ನೇ ಸಲ ನಿಜ ಬರ್ದಿದ್ರೆ ಖಂಡಿತ ಉಳೀತಿತ್ತು. ಎರಡ್ನೇ ಸಲಕ್ಕೆ ನನ್ನ ಮುಂದೆ ಇದ್ದಿದ್ದು ಎರಡೂ ತಪ್ಪೇ. ಒಂದ್ರಲ್ಲಿ ಪುಸ್ತಕ ಕೆಡ್ತಿತ್ತು, ಒಂದ್ರಲ್ಲಿ ಮಗು ಹೋಯ್ತು. ನಿಯಮ ನೆಟ್ಟಗಿದ್ದಿದ್ರೆ ನಿಮ್ಮ ವಿಷಯ ಬೆಳಗ್ಗೆ ಹನ್ನೊಂದಕ್ಕೆ ಬಂದು, ಎಲ್ಲಾರ ಮುಂದೆ ಮುಗ್ದು ಹೋಗ್ತಿತ್ತು. ನಾನೂ ಆರಿಸ್ಬೇಕಾಗಿರ್ಲಿಲ್ಲ, ನೀವೂ ಬೈಬೇಕಾಗಿರ್ಲಿಲ್ಲ" ಅಂದರು.

ನನ್ನ ಸಿಟ್ಟು ಅಲ್ಲಿಗೆ ಪೂರ್ತಿ ಇಳಿಯಿತು ಎಂದರೆ ಸುಳ್ಳಾದೀತು. ಆದರೆ ಇಳಿಯುವ ದಾರಿಯಲ್ಲಿ ಅವರ ಕೈ ಹಿಡಿದುಕೊಂಡು ಬಂದೆ. ಜಾರುವ ಜಾಗ, ಅವರಿಗೆ ಉಬ್ಬಸ. ಅಷ್ಟೇ ಕಾರಣ ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಊಟದ ಹೊತ್ತಿನ ಸಂಗತಿಯನ್ನು ಮಾತ್ರ ನಾದಿನಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಹೀಗೊಂದು ದಾರಿ ಇತ್ತು, ಒಬ್ಬರು ಬೇಡವೆಂದರು ಎಂದು ಯಾವ ಬಾಯಿಂದ ಹೇಳಲಿ?

ಸಾವಿನ ಸುದ್ದಿ ಬಂದಾಗ ಆಕೆಗೆ ಫೋನಿನಲ್ಲಿ ತಿಳಿಸಿದೆ. "ನಾನೂ ಬರ್ತೀನಿ ಅತ್ತಿಗೆ" ಅಂದಳು. ಅವಳಿಗೇನು ಸಂಬಂಧ ಎಂದು ಆಶ್ಚರ್ಯವಾಯಿತು. ಅವಳನ್ನು ಕೊಟ್ಟಿರುವುದು ರಾಮಗಿರಿ ಹತ್ತಿರದ ಹಳ್ಳಿಗೆ. ಅಲ್ಲಿಂದ ಚಿತ್ರದುರ್ಗಕ್ಕೆ ಬಂದಳು. ಇಬ್ಬರೂ ಹಿರಿಯೂರಿನ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ಕೇಳಿದೆ.

"ನಿಂಗೆ ಅವ್ರು ಹೆಂಗೆ ಗೊತ್ತು?"

"ನಮ್ಮನೆಗೆ ಬಂದಿದ್ರಲ್ಲ" ಅಂದಳು, ನನಗೂ ಗೊತ್ತಿರುವ ವಿಷಯ ಎಂಬಂತೆ. "ಎರಡ್ನೇದು ಹುಟ್ಟಿ ಒಂಬತ್ತು ತಿಂಗ್ಳಾಗಿತ್ತು. ನಮ್ಮ ಸೀಮೆಯೋರೇ ಅಂತೆ. ಹಿರಿಯೂರಿಂದ ಮನೆ ಹುಡುಕ್ಕಂಡು ಬಂದ್ರು. ಜಗಲಿ ಮೇಲೆ ಕುಂತು ಎಲ್ಲಾ ಹೇಳಿದ್ರು. ಬರೀಬಾರದ್ದು ಬರ್ದಿದ್ದು, ಆಮೇಲೆ ನೀವು ಬರೀರಿ ಅಂದಾಗ ಬರೀದಿದ್ದು, ಎಲ್ಲಾನೂ. ನನ್ನಿಂದ ನಿಮ್ಮ ಮಗು ಹೋಯ್ತಮ್ಮ, ಏನಂತೀರಿ ಅನ್ರಿ, ಅನ್ನಿಸ್ಕಳ್ಳಾಕೆ ಬಂದಿದೀನಿ ಅಂದ್ರು."

"ನೀನೇನಂದೆ?"

ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಏನನ್ನಲಿ ಅತ್ತಿಗೆ? ಇದು ನೀವು ಬೀಗ ತೆಗ್ಸಿದ ಕ್ವಾಣೇಲೇ ಹುಟ್ಟಿದ್ದು ನೋಡ್ರಿ ಅಂತ ಕೂಸ್ನ ತೊಡೆ ಮೇಲೆ ಕೂರ್ಸಿದೆ. ಅದು ಅಂಗಿ ತುಂಬ ಉಚ್ಚೆ ಹೊಯ್ತು. ಈಸ್ಕಳಾಕೆ ಹೋದ್ರೆ, ಇರ್ಲಿ ಬಿಡಮ್ಮ ಅಂದ್ರು. ಬಸ್ಸು ಬರೋವರ್ಗೂ ಕೆಳಗೆ ಇಳಿಸ್ಲೇ ಇಲ್ಲ."